ಪಾಚಿಗೂ ಕಾಯಿಲೆ ಬರುತ್ತದೆ: ಹಸಿರು ನೀರು, ವೈರಸ್ ಮತ್ತು ಬೂಷ್ಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ವಾರ ಕೆರೆ ತುಂಬ ಹಸಿರು ಬಣ್ಣ ಕದಡಿದ ಹಾಗಿತ್ತು. ಈ ವಾರ ನೋಡಿದರೆ ನೀರು ಬಹುಪಾಲು ತಿಳಿಯಾಗಿದೆ. ಯಾರೂ ಔಷಧಿ ಹಾಕಿಲ್ಲ. ಮಳೆ ಬಂದಿಲ್ಲ. ಅಷ್ಟೊಂದು ಪಾಚಿ ಎಲ್ಲಿಗೆ ಹೋಯಿತು? ಕೆರೆ ದಂಡೆಯಲ್ಲಿ ದಿನಾ ನಡೆಯುವ ಯಾರಿಗಾದರೂ ಈ ಪ್ರಶ್ನೆ ಬಂದಿರುತ್ತದೆ. ಬಿಸಿಲು ಕಮ್ಮಿಯಾಗಿದ್ದು, ಗಾಳಿ ಬೀಸಿದ್ದು, ಗೊಬ್ಬರದ ಅಂಶ ಮುಗಿದಿದ್ದು, ಇವೆಲ್ಲ ಕಾರಣ ಆಗಬಹುದು. ಇವುಗಳ ಜೊತೆಗೆ ನಮ್ಮ ಕಣ್ಣಿಗೆ ಕಾಣದ ಇನ್ನೊಂದು ಕಾರಣವೂ ಇದೆ. ಪಾಚಿಗೆ ಕಾಯಿಲೆ ಬಂದಿರಬಹುದು. ಅದರ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಮೊದಲು ಇದು ಹೇಳಿ. ಕೆರೆ ನೀರು ಹಸಿರಾಗುವುದು ಯಾಕೆ?

ನೀರಿನಲ್ಲಿ ರಂಜಕ ಮತ್ತು ಸಾರಜನಕ ಜಾಸ್ತಿಯಾದಾಗ. ಇವು ಒಳಚರಂಡಿ ನೀರಿನಿಂದ ಬರುತ್ತವೆ, ಹೊಲಕ್ಕೆ ಹಾಕಿದ ಗೊಬ್ಬರದಿಂದ ಬರುತ್ತವೆ, ಬಟ್ಟೆ ಸೋಪಿನಿಂದ ಬರುತ್ತವೆ. ಅದಕ್ಕೆ ಬಿಸಿಲು, ಬೆಚ್ಚನೆ ನೀರು, ಗಾಳಿ ಇಲ್ಲದ ನಾಲ್ಕು ದಿನ ಸೇರಿದರೆ ಸಾಕು, ಪಾಚಿ ಉಕ್ಕಿ ಬರುತ್ತದೆ.

ಎಲ್ಲ ಪಾಚಿಯೂ ಕೆಟ್ಟದ್ದಲ್ಲ. ಪಾಚಿ ಇಲ್ಲದಿದ್ದರೆ ಕೆರೆಯಲ್ಲಿ ಮೀನೂ ಇರುವುದಿಲ್ಲ. ನಮಗೆ ತೊಂದರೆ ಕೊಡುವುದು ಮುಖ್ಯವಾಗಿ ನೀಲಿ-ಹಸಿರು ಪಾಚಿ. ಹೆಸರು ಪಾಚಿ ಅಂತಿದ್ದರೂ ಅದು ನಿಜವಾಗಿ ಒಂದು ಬ್ಯಾಕ್ಟೀರಿಯಾ. ಸಯನೋಬ್ಯಾಕ್ಟೀರಿಯಾ ಅಂತ ಕರೆಯುತ್ತಾರೆ. ಇದರಲ್ಲಿ ಮೈಕ್ರೋಸಿಸ್ಟಿಸ್ ಅನ್ನುವುದು ಜಗತ್ತಿನ ಬಹಳ ಕಡೆ ಕಾಣುವ ಜಾತಿ. ಅದರ ಒಳಗೆ ಚಿಕ್ಕ ಚಿಕ್ಕ ಗಾಳಿಗೂಡುಗಳಿವೆ. ಹಾಗಾಗಿ ಅದು ತೇಲಿ ಮೇಲೆ ಬಂದು ಬಿಸಿಲು ಕಾಯಿಸುತ್ತದೆ. ಕೆಳಗಿರುವ ಪಾಚಿಗಳಿಗೆ ಬೆಳಕು ಸಿಗುವುದಿಲ್ಲ. ಅದರ ಕೆಲವು ತಳಿಗಳು ಮೈಕ್ರೋಸಿಸ್ಟಿನ್ ಅನ್ನುವ ವಿಷ ಮಾಡುತ್ತವೆ. ಅದು ಯಕೃತ್ತಿಗೆ ಪೆಟ್ಟು ಕೊಡುವ ವಿಷ.

ಪಾಚಿಗೂ ಕಾಯಿಲೆ ಬರುತ್ತದೆ ಅಂದರೆ ನಂಬಬಹುದಾ?

ನಂಬಬಹುದು. ಮಾವಿನ ಮರಕ್ಕೆ ಬಂದಳಿಕೆ ಹತ್ತುವುದನ್ನು ನೋಡಿದ್ದೀರಲ್ವಾ? ಮರದ ಕೊಂಬೆಗೆ ಬೇರು ಇಳಿಸಿ, ಅದರ ರಸ ಹೀರಿ ಬದುಕುವ ಗಿಡ. ನೀರಿನಲ್ಲಿ ಒಂದೇ ಒಂದು ಕೋಶದ ಪಾಚಿಗೂ ಅಂಥದ್ದೇ ಬಂದಳಿಕೆಗಳಿವೆ. ಅವುಗಳಲ್ಲಿ ಎರಡು ಬಗೆ ಮುಖ್ಯ. ಒಂದು ವೈರಸ್. ಇನ್ನೊಂದು ಕಿಟ್ರಿಡ್ ಅನ್ನುವ ನೀರಿನ ಬೂಷ್ಟು. ಇವಲ್ಲದೆ ಪಾಚಿಯ ಕೋಶಕ್ಕೆ ತೂತು ಕೊರೆದು ಒಳಗಿನದ್ದನ್ನು ಹೀರುವ ಅಮೀಬಾಗಳೂ ಇವೆ. ಪಾಚಿ ಕೋಶವನ್ನು ಒಡೆಯುವ ಬ್ಯಾಕ್ಟೀರಿಯಾಗಳೂ ಇವೆ.

ಒಂದು ಮಿಲಿ ಲೀಟರ್ ಕೆರೆ ನೀರಿನಲ್ಲಿ ಸಾಮಾನ್ಯವಾಗಿ ಒಂದು ಕೋಟಿಯ ಆಸುಪಾಸು ವೈರಸ್ ಕಣಗಳಿರುತ್ತವೆ. ಪಾಚಿ ತುಂಬಿದ ನೀರಿನಲ್ಲಿ ಇನ್ನೂ ಜಾಸ್ತಿ. ಒಂದು ಚಮಚ ನೀರು ಎತ್ತಿದರೆ ಕರ್ನಾಟಕದ ಜನಸಂಖ್ಯೆಯ ಹತ್ತಿರ ಹತ್ತಿರ ಬರುವಷ್ಟು ವೈರಸ್ ಅದರಲ್ಲಿರುತ್ತವೆ.

ಅಷ್ಟೊಂದು ವೈರಸ್ಸಾ? ಅವು ನಮಗೆ ತಗುಲುವುದಿಲ್ಲವಾ?

ತಗುಲುವುದಿಲ್ಲ. ಅವುಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಮಾತ್ರ ಹತ್ತುವ ಫೇಜ್‌ಗಳು. ಒಂದೊಂದು ಫೇಜ್‌ಗೂ ತನ್ನದೇ ಆದ ಬೀಗ, ತನ್ನದೇ ಆದ ಕೀಲಿ. ಮನುಷ್ಯನ ಕೋಶ ಅದಕ್ಕೆ ಗುರುತೇ ಸಿಗುವುದಿಲ್ಲ. ಹಸಿರು ನೀರಿನಲ್ಲಿ ನಾವು ಹೆದರಬೇಕಾದ್ದು ಪಾಚಿಯ ವಿಷಕ್ಕೆ ಮತ್ತು ಚರಂಡಿ ನೀರಿನ ಜೊತೆ ಬರುವ ರೋಗಾಣುಗಳಿಗೆ.

ವೈರಸ್ ಪಾಚಿಯನ್ನು ಕೊಲ್ಲುವುದು ಹೇಗೆ?

ಒಂದು ನಿಜವಾದ ವೈರಸ್ ಇಟ್ಟುಕೊಂಡೇ ಹೇಳುತ್ತೇನೆ. ಜಪಾನಿನ ಫುಕುಯಿ ಪ್ರಾಂತ್ಯದಲ್ಲಿ ಮಿಕಾಟಾ ಅನ್ನುವ ಸರೋವರ ಇದೆ. ಅಲ್ಲಿನ ನೀರಿನಿಂದ ವಿಜ್ಞಾನಿಗಳು ಮೈಕ್ರೋಸಿಸ್ಟಿಸ್‌ಗೆ ಹತ್ತುವ ಒಂದು ಫೇಜ್ ಬೇರ್ಪಡಿಸಿದರು. 2006ರಲ್ಲಿ ಅದರ ವಿವರ ಪ್ರಕಟವಾಯಿತು. ಎಂಎ-ಎಲ್‌ಎಂಎಂ01 ಅಂತ ಅದರ ಹೆಸರು.

ಇದು ಪಾಚಿಯ ಕೋಶಕ್ಕೆ ಅಂಟಿಕೊಳ್ಳುತ್ತದೆ. ಬಾಲದ ಮೂಲಕ ತನ್ನ ಡಿಎನ್‌ಎಯನ್ನು ಒಳಗೆ ತಳ್ಳುತ್ತದೆ. ಅಲ್ಲಿಂದ ಕೋಶ ತನ್ನ ಕೆಲಸ ಬಿಟ್ಟು ವೈರಸ್ ತಯಾರಿಸಲು ಶುರು ಮಾಡುತ್ತದೆ. 6ರಿಂದ 12 ಗಂಟೆಯೊಳಗೆ ಕೋಶ ಒಡೆದು 50ರಿಂದ 120 ಹೊಸ ವೈರಸ್‌ಗಳು ಹೊರಗೆ ಬರುತ್ತವೆ. ಬೆಳಿಗ್ಗೆ ಹತ್ತಿದರೆ ಸಂಜೆಗೆ ನೂರು. ಆ ನೂರು ಮತ್ತೆ ನೂರು ಕೋಶ ಹುಡುಕುತ್ತವೆ.

ಈ ವೈರಸ್‌ನ ಒಳಗೆ ಇನ್ನೊಂದು ವಿಷಯ ಸಿಕ್ಕಿತು. ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಪಾಚಿಗೆ ಬೆಳಕು ಹಿಡಿಯಲು ಒಂದು ಬಗೆಯ ಬಲೆ ಇರುತ್ತದೆ. ಗೊಬ್ಬರ ಸಿಗದೆ ಕಷ್ಟ ಬಂದಾಗ ಪಾಚಿ ತಾನೇ ಆ ಬಲೆಯನ್ನು ಬಿಚ್ಚಿ ಹಾಕುತ್ತದೆ. ಹಾಗೆ ಬಿಚ್ಚಲು ಅದಕ್ಕೆ ಒಂದು ವಂಶವಾಹಿ ಇದೆ. ಅದೇ ವಂಶವಾಹಿಯ ಒಂದು ಪ್ರತಿ ಈ ವೈರಸ್‌ನಲ್ಲಿತ್ತು! ಎಂದೋ ಯಾವುದೋ ಪಾಚಿಯಿಂದ ಎತ್ತಿಕೊಂಡು ಬಂದದ್ದು ಅದು. ಬೀಜಕ್ಕೆ ಇಟ್ಟ ಧಾನ್ಯವನ್ನೂ ಹಿಟ್ಟು ಮಾಡಿಸುವ ಹಾಗೆ, ಕೋಶದಲ್ಲಿರುವ ಎಲ್ಲವನ್ನೂ ವೈರಸ್ ತನ್ನ ಸಂತಾನಕ್ಕೆ ಬಳಸುತ್ತದೆ.

ಕಿಟ್ರಿಡ್ ಅಂದರೇನು? ಇದು ನಮ್ಮ ಉಪ್ಪಿನಕಾಯಿಗೆ ಬರುವ ಬೂಷ್ಟೇನಾ?

ದೂರದ ನೆಂಟ ಅಷ್ಟೇ. ಬೂಷ್ಟಿನ ಕುಲದಲ್ಲಿ ಇದು ಬಹಳ ಹಳೆಯ ಕವಲು. ಇದರ ಬೀಜಕಗಳು ಗಾಳಿಯಲ್ಲಿ ಹಾರುವುದಿಲ್ಲ. ನೀರಿನಲ್ಲಿ ಈಜುತ್ತವೆ. ಹಿಂದುಗಡೆ ಒಂದೇ ಒಂದು ಬಾಲ. ಗಾತ್ರ ಎರಡು-ಮೂರು ಮೈಕ್ರಾನ್. ನಮ್ಮ ಒಂದು ಕೂದಲ ದಪ್ಪದಲ್ಲಿ ಇಂಥ ಇಪ್ಪತ್ತಕ್ಕೂ ಹೆಚ್ಚು ಬೀಜಕಗಳನ್ನು ಸಾಲಾಗಿ ಇಡಬಹುದು.

ಈ ಬೀಜಕ ಪಾಚಿಯನ್ನು ಹುಡುಕಿಕೊಂಡು ಬಂದು ಅದರ ಮೈಮೇಲೆ ಕೂರುತ್ತದೆ. ಬಾಲ ಹೋಗುತ್ತದೆ. ಸಣ್ಣ ಬೇರು ಒಳಗೆ ಇಳಿಯುತ್ತದೆ. ಒಳಗಿನ ಸಾರ ಹೀರುತ್ತ ಹೀರುತ್ತ ಹೊರಗಿರುವ ಭಾಗ ಗುಂಡಗೆ ಚೀಲದ ಹಾಗೆ ಊದುತ್ತದೆ. ಕೆಲವು ದಿನಗಳಲ್ಲಿ ಚೀಲ ಒಡೆದು ಹೊಸ ಈಜುಗಾರರು ಹೊರಡುತ್ತಾರೆ. ಪಾಚಿಯ ಕೋಶ ಖಾಲಿ ಸಿಪ್ಪೆಯಾಗಿ ಉಳಿಯುತ್ತದೆ.

ಕಪ್ಪೆಗಳನ್ನು ಕೊಲ್ಲುವ ಕಿಟ್ರಿಡ್ ಬಗ್ಗೆ ನೀವು ಕೇಳಿರಬಹುದು. ಅದೂ ಇದೇ ಗುಂಪಿನದ್ದು, ಆದರೆ ಜಾತಿ ಬೇರೆ. ಪಾಚಿಗೆ ಹತ್ತುವುದು ಕಪ್ಪೆಗೆ ಹತ್ತುವುದಿಲ್ಲ.

ಇದನ್ನೆಲ್ಲ ಮೊದಲು ಗಮನಿಸಿದವರು ಯಾರು?

ಕಿಟ್ರಿಡ್ ವಿಷಯದಲ್ಲಿ ಹಿಲ್ಡಾ ಕ್ಯಾಂಟರ್ ಅವರ ಹೆಸರು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ವಿಂಡರ್‌ಮಿಯರ್ ಅನ್ನುವ ದೊಡ್ಡ ಸರೋವರ ಇದೆ. ಅಲ್ಲಿ ಸಿಹಿನೀರಿನ ಜೀವಿಗಳನ್ನು ಅಧ್ಯಯನ ಮಾಡುವ ಸಂಸ್ಥೆಯಲ್ಲಿ ಜಾನ್ ಲಂಡ್ ವಾರ ವಾರವೂ ನೀರು ಎತ್ತಿ ಪಾಚಿ ಎಣಿಸುತ್ತಿದ್ದರು. ಡಯಾಟಮ್ ಅನ್ನುವುದು ಪಾಚಿಯಲ್ಲಿ ಒಂದು ಬಗೆ. ಆಸ್ಟರಿಯೊನೆಲ್ಲಾ ಅನ್ನುವ ನಕ್ಷತ್ರದಾಕಾರದ ಡಯಾಟಮ್ ವಸಂತದಲ್ಲಿ ಏರುತ್ತದೆ, ಆಮೇಲೆ ಬೀಳುತ್ತದೆ. ಬೀಳುವುದು ಯಾಕೆ? ಅದರ ಗಾಜಿನಂಥ ಚಿಪ್ಪಿಗೆ ಬೇಕಾದ ಸಿಲಿಕಾ ಮುಗಿಯುವುದು ಒಂದು ಕಾರಣ. ಆದರೆ ಕೆಲವು ಸಲ ಸಿಲಿಕಾ ಇದ್ದರೂ ಬೀಳುತ್ತಿತ್ತು.

1948ರಲ್ಲಿ ಕ್ಯಾಂಟರ್ ಮತ್ತು ಲಂಡ್ ಸೇರಿ ಬರೆದ ಪ್ರಬಂಧ ಇದಕ್ಕೆ ಉತ್ತರ ಕೊಟ್ಟಿತು. ಆ ಸಲಗಳಲ್ಲಿ ಡಯಾಟಮ್‌ಗಳಿಗೆ ಕಿಟ್ರಿಡ್ ಪಿಡುಗು ತಗುಲಿತ್ತು. ಊರಿಗೆ ಪ್ಲೇಗ್ ಬಂದ ಹಾಗೆ, ಕೆಲವೇ ವಾರಗಳಲ್ಲಿ ದೊಡ್ಡ ಪಾಲು ಕೋಶಗಳು ಸಾಯುತ್ತಿದ್ದವು. ಮುಂದೆ ಹಿಲ್ಡಾ ಅವರು ಜಾನ್ ಲಂಡ್ ಅವರನ್ನೇ ಮದುವೆಯಾದರು. ಸೂಕ್ಷ್ಮದರ್ಶಕದಲ್ಲಿ ಹಿಲ್ಡಾ ತೆಗೆದ ಪಾಚಿಯ ಫೋಟೋಗಳು ಅಷ್ಟು ಚೆನ್ನಾಗಿದ್ದವು. ಇವತ್ತಿಗೂ ಬ್ರಿಟನ್ನಿನ ಪಾಚಿ ವಿಜ್ಞಾನಿಗಳ ಸಂಘ ಒಳ್ಳೆಯ ಪಾಚಿ ಫೋಟೋಗೆ ಕೊಡುವ ಬಹುಮಾನ ಅವರ ಹೆಸರಿನಲ್ಲಿದೆ.

ನೀಲಿ-ಹಸಿರು ಪಾಚಿಯ ವೈರಸ್ ಸಿಕ್ಕಿದ್ದು 1963ರಲ್ಲಿ. ಅಮೆರಿಕದ ಸ್ಯಾಫರ್‌ಮನ್ ಮತ್ತು ಮಾರಿಸ್ ಅದನ್ನು ಕಂಡಿದ್ದು ಸ್ವಚ್ಛ ಸರೋವರದಲ್ಲಲ್ಲ, ಕೊಳಚೆ ನೀರು ನಿಲ್ಲಿಸುವ ಹೊಂಡದ ನೀರಿನಲ್ಲಿ.

ಭಾರತದಲ್ಲಿ ಇದರ ಬಗ್ಗೆ ಕೆಲಸ ಆಗಿದೆಯಾ?

ಆಗಿದೆ, ಅದೂ ಬಹಳ ಬೇಗ. ಅಮೆರಿಕದಲ್ಲಿ ಸಿಕ್ಕ ನಾಲ್ಕೇ ವರ್ಷಕ್ಕೆ, 1967ರಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆರ್. ಎನ್. ಸಿಂಗ್ ಮತ್ತು ಪಿ. ಕೆ. ಸಿಂಗ್ ಭಾರತದ ಸಯನೋಫೇಜ್‌ಗಳನ್ನು, ಅಂದರೆ ನೀಲಿ-ಹಸಿರು ಪಾಚಿಯ ವೈರಸ್‌ಗಳನ್ನು, ಬೇರ್ಪಡಿಸಿ 'ನೇಚರ್' ಪತ್ರಿಕೆಯಲ್ಲಿ ಬರೆದರು.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ ಭತ್ತದ ಗದ್ದೆಗಳಲ್ಲಿ ನೀಲಿ-ಹಸಿರು ಪಾಚಿ ಬೇಕು. ಅದು ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಕೊಡುತ್ತದೆ. ಅದನ್ನೇ ಜೈವಿಕ ಗೊಬ್ಬರ ಅಂತ ಬೆಳೆಸಿ ಗದ್ದೆಗೆ ಹಾಕುವುದೂ ಇದೆ. ಗದ್ದೆಯಲ್ಲಿ ಈ ವೈರಸ್ ಬಂದರೆ ರೈತನಿಗೆ ನಷ್ಟ. ಕುಡಿಯುವ ನೀರಿನ ಕೆರೆಯಲ್ಲಿ ಬಂದರೆ ನಮಗೆ ಸಂತೋಷ. ವೈರಸ್‌ಗೆ ಎರಡೂ ಒಂದೇ.

ಬೂಷ್ಟು ಪಾಚಿಯನ್ನು ತಿಂದರೆ ಕೆರೆಗೆ ಏನು ಸಿಗುತ್ತದೆ?

ಊಟ ಸಿಗುತ್ತದೆ. ಇಡೀ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದೇ.

ಕೆರೆಯಲ್ಲಿ ಡ್ಯಾಫ್ನಿಯಾ ಅನ್ನುವ ಪುಟ್ಟ ಜೀವಿ ಇರುತ್ತದೆ. ನೀರನ್ನು ಸೋಸಿ ಪಾಚಿ ತಿನ್ನುತ್ತದೆ. ಅದನ್ನು ಮರಿಮೀನು ತಿನ್ನುತ್ತದೆ. ಆದರೆ ದೊಡ್ಡ ನಕ್ಷತ್ರದಂಥ ಡಯಾಟಮ್ ಆಗಲಿ, ಉದ್ದ ದಾರದಂಥ ನೀಲಿ-ಹಸಿರು ಪಾಚಿಯಾಗಲಿ, ಲೋಳೆ ಸುತ್ತಿಕೊಂಡ ಮೈಕ್ರೋಸಿಸ್ಟಿಸ್ ಗುಂಪಾಗಲಿ ಡ್ಯಾಫ್ನಿಯಾದ ಬಾಯಿಗೆ ಹಿಡಿಯುವುದಿಲ್ಲ. ಕೆರೆ ತುಂಬ ಪಾಚಿ ಇದ್ದರೂ ಅದು ಉಪವಾಸ. ಕಣಜದ ತುಂಬ ರಾಗಿ ಇದ್ದು ಬಾಗಿಲಿಗೆ ಬೀಗ ಬಿದ್ದ ಹಾಗೆ.

ಕಿಟ್ರಿಡ್ ಆ ಬೀಗ ತೆಗೆಯುತ್ತದೆ. ದೊಡ್ಡ ಪಾಚಿಯ ಸಾರವನ್ನು ಹೀರಿ ಸಣ್ಣ ಸಣ್ಣ ಬೀಜಕ ಮಾಡುತ್ತದೆ. ಆ ಬೀಜಕ ಡ್ಯಾಫ್ನಿಯಾಗೆ ಸರಿಯಾದ ಅಳತೆ. ಅದರಲ್ಲಿ ಒಳ್ಳೆಯ ಕೊಬ್ಬಿನಂಶವೂ ಇದೆ, ಕೊಲೆಸ್ಟರಾಲ್ ಕೂಡ ಇದೆ. ಡ್ಯಾಫ್ನಿಯಾ ಬೆಳೆಯಲು ಇವು ಬೇಕೇ ಬೇಕು. ಜಪಾನಿನ ಮೈಕೊ ಕಗಾಮಿ ಮತ್ತು ಅವರ ಜೊತೆಗಾರರು 2007ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಬೀಜಕ ಸಿಕ್ಕ ಡ್ಯಾಫ್ನಿಯಾಗಳು ಚೆನ್ನಾಗಿ ಬೆಳೆದವು.

ಫ್ರಾನ್ಸಿನ ಐಡಾ ಸರೋವರದಲ್ಲಿ ಇನ್ನೊಂದು ಸಂಗತಿ ಕಂಡಿತು. ಅಲ್ಲಿ ದಾರದಂಥ ನೀಲಿ-ಹಸಿರು ಪಾಚಿಗೆ ಎರಡು ಜಾತಿಯ ಕಿಟ್ರಿಡ್ ಹತ್ತಿತ್ತು. ಕಿಟ್ರಿಡ್ ಹತ್ತಿದ ದಾರಗಳು ತುಂಡು ತುಂಡಾಗಿ ಗಿಡ್ಡವಾಗಿದ್ದವು. ಗಿಡ್ಡವಾದರೆ ತಿನ್ನುವವರಿಗೆ ಸುಲಭ. ಒಂದು ಜಾತಿಯಂತೂ ಪಾಚಿಯ 'ಬೀಜದ ಕೋಶ'ಗಳನ್ನೇ ಹಿಡಿಯುತ್ತಿತ್ತು. ಈ ಬೀಜದ ಕೋಶಗಳು ಕೆರೆಯ ಹೂಳಿನಲ್ಲಿ ಮಲಗಿದ್ದು ಮುಂದಿನ ವರ್ಷ ಎದ್ದು ಬರುವಂಥವು. ಅಂದರೆ ಆ ಬೂಷ್ಟು ಮುಂದಿನ ವರ್ಷದ ಪಾಚಿಗೂ ಈ ವರ್ಷವೇ ಕೈ ಹಾಕಿತ್ತು.

ಈ ಮಾತು ಬಂದಾಗಲೆಲ್ಲ ಈರಿ ಸರೋವರದ ಹೆಸರು ಬರುತ್ತದಲ್ಲ, ಯಾಕೆ?

ಅಲ್ಲಿ ಒಳ್ಳೆಯದು, ಕೆಟ್ಟದ್ದು ಎರಡೂ ಒಟ್ಟಿಗೆ ಕಂಡವು. ಸ್ವಲ್ಪ ವಿವರವಾಗಿ ಹೇಳಬೇಕು.

ಈರಿ, ಅಮೆರಿಕ ಮತ್ತು ಕೆನಡಾದ ನಡುವಿನ ಐದು ಮಹಾಸರೋವರಗಳಲ್ಲಿ ಒಂದು. ಸುಮಾರು 25,700 ಚದರ ಕಿಲೋಮೀಟರ್ ವಿಸ್ತಾರ. ಐದರಲ್ಲಿ ಇದರ ಆಳವೇ ಕಮ್ಮಿ. ಪಶ್ಚಿಮದ ಭಾಗವಂತೂ ಸರಾಸರಿ ಏಳೆಂಟು ಮೀಟರ್ ಅಷ್ಟೇ. ಆ ಭಾಗಕ್ಕೇ ಮೌಮೀ ನದಿ ಬಂದು ಸೇರುತ್ತದೆ. ಜೋಳ, ಸೋಯಾ ಬೆಳೆಯುವ ಹೊಲಗಳ ರಂಜಕವನ್ನು ಹೊತ್ತು ತರುತ್ತದೆ. 1960ರ ದಶಕದಲ್ಲಿ 'ಈರಿ ಸತ್ತೇ ಹೋಯಿತು' ಅಂತ ಜನ ಮಾತಾಡಿಕೊಂಡಿದ್ದರು. 1972ರಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡು ಚರಂಡಿ ನೀರು ಮತ್ತು ಸೋಪಿನ ರಂಜಕವನ್ನು ಕಡಿಮೆ ಮಾಡಿದವು. ಸರೋವರ ಚೇತರಿಸಿಕೊಂಡಿತು. ಆಮೇಲೆ ಹೊಲಗಳಿಂದ ಹರಿದು ಬರುವ ರಂಜಕದಿಂದ ಮತ್ತೆ ಹಾಳಾಯಿತು. 2011ರಲ್ಲಿ ಪಾಚಿ 5,000 ಚದರ ಕಿಲೋಮೀಟರಿಗೂ ಮೀರಿ ಹರಡಿತ್ತು.

2014ರ ಆಗಸ್ಟ್ 2, ಶನಿವಾರ. ಬೆಳಗಿನ ಜಾವ ಈರಿಯ ಪಶ್ಚಿಮ ತುದಿಯಲ್ಲಿರುವ ಅಮೆರಿಕದ ಟೊಲೀಡೊ ನಗರದ ಜನರಿಗೆ ಸೂಚನೆ ಬಂತು. ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ಸರೋವರದಿಂದ ಬರುವ ನೀರನ್ನು ಶುದ್ಧ ಮಾಡಿದ ಮೇಲೂ ಮೈಕ್ರೋಸಿಸ್ಟಿನ್ ಮಿತಿ ಮೀರಿತ್ತು. ಸೋಮವಾರದವರೆಗೂ ಬಾಟಲಿ ನೀರಿಗೆ ಸಾಲು.

ಆಮೇಲೆ ವಿಜ್ಞಾನಿಗಳು ಆ ದಿನಗಳ ನೀರಿನ ಮಾದರಿ ತೆಗೆದು ನೋಡಿದರು. ಪಾಚಿ ಮತ್ತು ವೈರಸ್‌ಗಳ ಯಾವ ಯಾವ ವಂಶವಾಹಿಗಳು ಆಗ ಕೆಲಸ ಮಾಡುತ್ತಿದ್ದವು ಅಂತ ಹುಡುಕಿದರು. ಮೈಕ್ರೋಸಿಸ್ಟಿಸ್‌ಗೆ ಫೇಜ್ ಹತ್ತಿರುವ ಗುರುತು ಸಿಕ್ಕಿತು. ಗಾಳಿ ಪಾಚಿಯನ್ನು ನೀರೆತ್ತುವ ಜಾಗಕ್ಕೆ ತಳ್ಳಿದ್ದೂ ಇತ್ತು. ಅದರ ಜೊತೆಗೆ ಫೇಜ್ ಕೋಶಗಳನ್ನು ಒಡೆದು, ಒಳಗಿದ್ದ ವಿಷ ನೀರಿನಲ್ಲಿ ಕರಗಿರಬಹುದು ಅಂತ 2017ರಲ್ಲಿ ಅವರು ಬರೆದರು.

ಕೋಶ ಒಡೆಯದಿದ್ದರೆ ವಿಷ ಇರುವುದಿಲ್ಲವಾ?

ಇರುತ್ತದೆ, ಆದರೆ ಬಹುಪಾಲು ಕೋಶದ ಒಳಗೇ ಇರುತ್ತದೆ. ಇದು ಬಹಳ ಮುಖ್ಯ. ನೀರಿನ ಶುದ್ಧೀಕರಣ ಘಟಕದಲ್ಲಿ ಆಲಂ ಹಾಕಿ, ಕೆಳಗೆ ಕೂರಿಸಿ, ಮರಳಿನಲ್ಲಿ ಸೋಸುತ್ತಾರೆ. ಇಡೀ ಕೋಶ ಅಲ್ಲಿ ಸಿಕ್ಕಿಬೀಳುತ್ತದೆ. ಅದರ ಜೊತೆ ವಿಷವೂ ಹೋಗುತ್ತದೆ. ಒಡೆದು ಕರಗಿದ ವಿಷ ಮಾತ್ರ ಸೋಸಿದರೂ ದಾಟಿ ಬರುತ್ತದೆ. ಅದನ್ನು ಹಿಡಿಯಲು ಸಕ್ರಿಯ ಇದ್ದಿಲು ಬೇಕು.

ಇದೇ ಕಾರಣಕ್ಕೆ ಕೆರೆಗೆ ಮೈಲುತುತ್ತ ಹಾಕುವುದು ಅಪಾಯ. ಪಾಚಿ ಸಾಯುತ್ತದೆ, ನಿಜ. ವಿಷ ಒಂದೇ ಸಲ ನೀರಿಗೆ ಬೀಳುತ್ತದೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಅಣೆಕಟ್ಟಿಗೆ ಹೀಗೆಯೇ ಮೈಲುತುತ್ತ ಹಾಕಿದರು. ಕೆಲವು ದಿನಕ್ಕೆ 148 ಜನ ಕಾಯಿಲೆ ಬಿದ್ದರು. ಅವರಲ್ಲಿ 138 ಮಕ್ಕಳು. ಅಲ್ಲಿದ್ದದ್ದು ಬೇರೆ ಜಾತಿಯ ನೀಲಿ-ಹಸಿರು ಪಾಚಿ, ಬೇರೆ ವಿಷ. ನಡೆದದ್ದು ಮಾತ್ರ ಇದೇ ರೀತಿ.

ನೀರು ಕುದಿಸಿದರೆ ಆಗುವುದಿಲ್ಲವಾ?

ಆಗುವುದಿಲ್ಲ. ಮೈಕ್ರೋಸಿಸ್ಟಿನ್ ಬಿಸಿಗೆ ಜಗ್ಗುವುದಿಲ್ಲ. ಕುದಿಸಿದರೆ ಉಳಿದ ಕೋಶಗಳೂ ಒಡೆಯುತ್ತವೆ. ನೀರು ಆವಿಯಾಗಿ ವಿಷ ಇನ್ನೂ ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್ ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಸಿರು ನೊರೆ ಕಟ್ಟಿದ ನೀರನ್ನು ದನಕ್ಕೂ ಕುಡಿಸಬೇಡಿ, ನಾಯಿಯನ್ನೂ ಇಳಿಸಬೇಡಿ. ದಡಕ್ಕೆ ಬಂದು ಸೇರುವ ಆ ಗಟ್ಟಿ ಕೆನೆಯಲ್ಲೇ ವಿಷ ಜಾಸ್ತಿ.

ಒಂದು ಸಮಾಧಾನದ ಸಂಗತಿಯೂ ಇದೆ. ಮೈಕ್ರೋಸಿಸ್ಟಿನ್ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಕೆರೆಗಳಲ್ಲಿವೆ. ಕೆಲವು ದಿನ ಅಥವಾ ವಾರಗಳಲ್ಲಿ ಅವು ವಿಷವನ್ನು ಮುರಿಯುತ್ತವೆ.

ಹಾಗಾದರೆ ಈ ವೈರಸ್ಸನ್ನೋ ಬೂಷ್ಟನ್ನೋ ಬೆಳೆಸಿ ಕೆರೆಗೆ ಸುರಿಯಬಹುದಲ್ವಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಮೊದಲ ಸಲ ಓದಿದಾಗ ನನಗೂ ಇದೇ ಅನಿಸಿತ್ತು. 1963ರಲ್ಲಿ ವೈರಸ್ ಸಿಕ್ಕಾಗ ವಿಜ್ಞಾನಿಗಳಿಗೂ ಇದೇ ಆಸೆ ಹುಟ್ಟಿತು. ಅರವತ್ತು ವರ್ಷ ದಾಟಿತು. ದೊಡ್ಡ ಕೆರೆಗಳಿಗೆ ಹಾಕುವ ದಿನಬಳಕೆಯ ಔಷಧಿಯಾಗಿ ಅದು ಬರಲಿಲ್ಲ. ಕಾರಣಗಳು ಗಟ್ಟಿಯಾಗಿವೆ.

ಒಂದು, ಈ ವೈರಸ್‌ಗಳಿಗೆ ಬಹಳ ನಾಜೂಕಿನ ಆಯ್ಕೆ. ಮಿಕಾಟಾದ ವೈರಸ್ಸನ್ನು ಬೇರೆ ಬೇರೆ ತಳಿಗಳ ಮೇಲೆ ಹಾಕಿ ನೋಡಿದಾಗ ಒಂದೇ ಒಂದು ಮೈಕ್ರೋಸಿಸ್ಟಿಸ್ ತಳಿ ಮಾತ್ರ ಸತ್ತಿತು. ಒಂದು ಕೆರೆಯಲ್ಲಿ ಎಷ್ಟೋ ತಳಿಗಳಿರುತ್ತವೆ. ನೀವು ಒಂದನ್ನು ಹೊಡೆದರೆ ಆ ಜಾಗಕ್ಕೆ ಪಕ್ಕದ್ದು ಬಂದು ಕೂರುತ್ತದೆ.

ಎರಡು, ಪಾಚಿ ಸುಮ್ಮನೆ ಕೂರುವುದಿಲ್ಲ. ಮೈಕ್ರೋಸಿಸ್ಟಿಸ್‌ನಲ್ಲಿ ವೈರಸ್ ವಿರುದ್ಧದ ರಕ್ಷಣೆ ಬ್ಯಾಕ್ಟೀರಿಯಾಗಳಲ್ಲೇ ಬಹಳ ಹೆಚ್ಚು. ಕ್ರಿಸ್ಪರ್ ಅಂತ ಕೇಳಿದ್ದೀರಲ್ವಾ, ಈಗ ವಂಶವಾಹಿ ತಿದ್ದಲು ಬಳಸುತ್ತಾರಲ್ಲ, ಅದು ಮೂಲದಲ್ಲಿ ಬ್ಯಾಕ್ಟೀರಿಯಾಗಳು ವೈರಸ್ಸಿನ ಗುರುತು ಬರೆದಿಟ್ಟುಕೊಳ್ಳುವ ಪುಸ್ತಕ. ಮೈಕ್ರೋಸಿಸ್ಟಿಸ್ ಕೂಡ ಅದನ್ನು ಇಟ್ಟುಕೊಂಡಿದೆ. ಪ್ಲಾಂಕ್ಟೋಥ್ರಿಕ್ಸ್ ಅನ್ನುವ ಇನ್ನೊಂದು ನೀಲಿ-ಹಸಿರು ಪಾಚಿಯಲ್ಲಿ ಮತ್ತೊಂದು ವಿಷಯ ಕಂಡಿತು. ಅದರ ಮೈಕ್ರೋಸಿಸ್ಟಿನ್ ಮತ್ತು ಅಂಥ ಬೇರೆ ರಾಸಾಯನಿಕಗಳು ಕಿಟ್ರಿಡ್‌ನಿಂದ ಅದನ್ನು ಕಾಪಾಡುತ್ತಿರಬಹುದು ಅಂತ 2013ರ ಒಂದು ಅಧ್ಯಯನ ತೋರಿಸಿತು. ನಮಗೆ ವಿಷವಾದದ್ದು ಅದಕ್ಕೆ ಬೂಷ್ಟಿನ ವಿರುದ್ಧದ ಗುರಾಣಿಯೂ ಆಗಿರಬಹುದು.

ಮೂರು, ಆಗಲೇ ಹೇಳಿದ ವಿಷದ ವಿಚಾರ. ಕುಡಿಯುವ ನೀರಿನ ಕೆರೆಯಲ್ಲಿ ಪಾಚಿ ಒಮ್ಮೆಗೇ ಒಡೆಯುವ ಹಾಗೆ ಮಾಡುವುದು ಒಳ್ಳೆಯದಲ್ಲ.

ನನ್ನ ಪ್ರಕಾರ ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು. ವೈರಸ್ ಪಾಚಿಯನ್ನು ಕೊಂದರೂ ರಂಜಕ ಕೆರೆಯಲ್ಲೇ ಉಳಿಯುತ್ತದೆ. ಒಡೆದ ಕೋಶದಿಂದ ಅದು ಮತ್ತೆ ನೀರಿಗೆ ಸೇರುತ್ತದೆ. ಮುಂದಿನ ಪಾಚಿಗೆ ಅದೇ ಗೊಬ್ಬರ. ಕಳೆ ಕಿತ್ತು ಅಲ್ಲೇ ಬಿಟ್ಟರೆ ಅದು ಕೊಳೆತು ಮತ್ತೆ ಕಳೆಗೇ ಸಾರ ಆಗುವ ಹಾಗೆ.

ಮತ್ತೆ ಇವುಗಳಿಂದ ಉಪಯೋಗವೇ ಇಲ್ಲವಾ?

ಹಾಗಲ್ಲ. ನಾವು ಬೆಳೆಸಿ ಹಾಕಲಾಗದಿದ್ದರೂ ಇವು ತಮ್ಮ ಪಾಡಿಗೆ ದಿನವೂ ಕೆಲಸ ಮಾಡುತ್ತಿವೆ. ಯಾವ ಪಾಚಿ ಬಹಳ ಹೆಚ್ಚಾಗುತ್ತದೋ ಅದರ ವೈರಸ್‌ಗೆ ಬೇಟೆ ಸುಲಭ. ಹಾಗಾಗಿ ಗೆದ್ದು ಮೆರೆಯುವವನಿಗೇ ಮೊದಲ ಏಟು ಬೀಳುತ್ತದೆ. ಸೋತು ಮೂಲೆಯಲ್ಲಿದ್ದ ಜಾತಿಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಕೆರೆಯಲ್ಲಿ ನೂರಾರು ಜಾತಿಯ ಪಾಚಿ ಒಟ್ಟಿಗೆ ಬದುಕಲು ಇದೂ ಒಂದು ಕಾರಣ.

ಇನ್ನೊಂದು ಉಪಯೋಗ ಮುನ್ಸೂಚನೆಯದ್ದು. ನೀರಿನಲ್ಲಿ ಫೇಜ್‌ಗಳ ಗುರುತು ಏರುತ್ತಿದೆ ಅಂದರೆ ಕೋಶಗಳು ಒಡೆಯುತ್ತಿವೆ, ಕರಗಿದ ವಿಷ ಬರಬಹುದು ಅಂತ ಅರ್ಥ. ನೀರಿನ ಘಟಕದವರಿಗೆ ಇದ್ದಿಲು ತಯಾರು ಇಟ್ಟುಕೊಳ್ಳಲು ಸಮಯ ಸಿಗುತ್ತದೆ. ಈರಿಯ ಸ್ಯಾಂಡಸ್ಕಿ ಕೊಲ್ಲಿಯಲ್ಲಿ ಪ್ಲಾಂಕ್ಟೋಥ್ರಿಕ್ಸ್‌ಗೆ ಹತ್ತುವ ಕಿಟ್ರಿಡ್ಡನ್ನೂ ವಿಜ್ಞಾನಿಗಳು ಬೇರ್ಪಡಿಸಿ 2021ರಲ್ಲಿ ವಿವರಿಸಿದ್ದಾರೆ.

ಹವಾಮಾನ ಬಿಸಿಯಾದರೆ ಈ ಪರಾವಲಂಬಿಗಳಿಗೆ ಏನಾಗುತ್ತದೆ?

ಸುಲಭದ ಉತ್ತರ ಇಲ್ಲ. ನೆದರ್‌ಲ್ಯಾಂಡ್ಸ್‌ನ ಮಾರ್ಸವೇನ್ ಸರೋವರದಲ್ಲಿ ಆಸ್ಟರಿಯೊನೆಲ್ಲಾ ಮತ್ತು ಅದರ ಕಿಟ್ರಿಡ್ಡನ್ನು ವರ್ಷಗಟ್ಟಲೆ ನೋಡಿದ್ದಾರೆ. ನೀರು ಸುಮಾರು 3 ಡಿಗ್ರಿಗಿಂತ ತಣ್ಣಗಾದರೆ ಆ ಬೂಷ್ಟು ಕೆಲಸ ನಿಲ್ಲಿಸುತ್ತದೆ. ಡಯಾಟಮ್ ಮಾತ್ರ ಆಗಲೂ ನಿಧಾನಕ್ಕೆ ಬೆಳೆಯುತ್ತದೆ. ಹಾಗಾಗಿ ಕೊರೆಯುವ ಚಳಿಗಾಲ ಡಯಾಟಮ್‌ಗೆ ರಜೆ ಇದ್ದ ಹಾಗೆ. ಕಾಯಿಲೆ ಭಯವಿಲ್ಲದೆ ಹೆಚ್ಚುತ್ತದೆ. ಆಮೇಲೆ ಬೆಚ್ಚಗಾದಾಗ ದೊಡ್ಡ ಪಿಡುಗು ಬರುತ್ತದೆ. ಚಳಿಗಾಲ ಸೌಮ್ಯವಾದರೆ ಬೂಷ್ಟು ಇಡೀ ವರ್ಷ ಹಲ್ಲು ಕಚ್ಚಿ ಹಿಡಿದಿರುತ್ತದೆ. ಡಯಾಟಮ್ ದಟ್ಟವಾಗುವುದೇ ಇಲ್ಲ. ದಟ್ಟವಾಗದ ಮೇಲೆ ಪಿಡುಗೂ ಏಳುವುದಿಲ್ಲ. ಡಯಾಟಮ್ ಬಿಟ್ಟುಕೊಟ್ಟ ಜಾಗಕ್ಕೆ ಬೇರೆ ಪಾಚಿ ಬರುತ್ತದೆ. ಅದು ಒಳ್ಳೆಯದೇ ಆಗಬೇಕು ಅಂತೇನಿಲ್ಲ.

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯೂ ಪಾಚಿಯಿಂದಲಾ?

ಅಲ್ಲ. ಅದು ಮುಖ್ಯವಾಗಿ ಚರಂಡಿ ನೀರಿನ ಜೊತೆ ಬರುವ ಸೋಪು, ಡಿಟರ್ಜೆಂಟಿನ ನೊರೆ. ಹಾಗೆಯೇ ನೀರಿನ ಮೇಲೆ ಹಾಸಿದ ಅಂತರಗಂಗೆ ಪಾಚಿಯಲ್ಲ, ಅದು ಬೇರು, ಎಲೆ ಇರುವ ಗಿಡ. ನೊರೆ, ಅಂತರಗಂಗೆ, ಪಾಚಿ ಮೂರಕ್ಕೂ ಮೂಲ ಒಂದೇ: ಕೆರೆಗೆ ಬಂದು ಬೀಳುವ ಕೊಳಚೆ.

ಕೆರೆಗೆ ಹಾಕುವ 'ಒಳ್ಳೆಯ ಬ್ಯಾಕ್ಟೀರಿಯಾ' ಪುಡಿ ತರಿಸೋಣ ಅಂತ ನಮ್ಮ ಬಡಾವಣೆಯಲ್ಲಿ ಹೇಳುತ್ತಿದ್ದಾರೆ. ತರಿಸಬಹುದಾ?

ಮೊದಲು ಕೆರೆಗೆ ನೀರು ಬರುವ ಕಾಲುವೆಯನ್ನು ನಡೆದು ನೋಡಿ. ಅಲ್ಲಿ ಚರಂಡಿ ಸೇರುತ್ತಿದ್ದರೆ ಯಾವ ಪುಡಿ ಹಾಕಿದರೂ ದುಡ್ಡು ನೀರಿಗೆ ಹೋದ ಹಾಗೆ. ರಂಜಕ ಹಾರಿ ಹೋಗುವ ವಸ್ತುವಲ್ಲ. ಒಳಗೆ ಬಂದದ್ದು ಗಿಡವಾಗಿಯೋ ಹೂಳಾಗಿಯೋ ಹೊರಗೆ ಹೋಗಬೇಕು, ಇಲ್ಲವೇ ಬರುವುದೇ ನಿಲ್ಲಬೇಕು.

ಹಾಗಾದರೆ ಮಾಡಬೇಕಾದ್ದು ಏನು?

ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಇಟ್ಟ ಸರೋವರಗಳಿವೆ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು ಅಲ್ಲಿನ 226ನೇ ನಂಬರಿನ ಸರೋವರದ ನಡುವೆ ಪರದೆ ಕಟ್ಟಿದರು. ಒಂದು ಭಾಗಕ್ಕೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದು ಭಾಗಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಮಾತ್ರ ಹಸಿರಾಯಿತು. ಮೇಲಿನಿಂದ ತೆಗೆದ ಆ ಫೋಟೋ ನೋಡಿದರೆ ಮಾತೇ ಬೇಡ.

ಈರಿಗೆ ಬರುವ ರಂಜಕವನ್ನು 2008ರ ಮಟ್ಟಕ್ಕಿಂತ ಶೇ. 40ರಷ್ಟು ಇಳಿಸಬೇಕು ಅಂತ ಎರಡು ದೇಶಗಳು 2016ರಲ್ಲಿ ಒಪ್ಪಿದ್ದೂ ಇದೇ ಕಾರಣಕ್ಕೆ. ನಮ್ಮಲ್ಲಿ ಬೆಂಗಳೂರಿನ ಜಕ್ಕೂರು ಕೆರೆಯನ್ನು ಹೋಗಿ ನೋಡಬಹುದು. ಅಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಹರಿದು ಆಮೇಲೆ ಕೆರೆಗೆ ಸೇರುವಂತೆ ಮಾಡಿದ್ದಾರೆ. ಗಿಡಗಳು ಗೊಬ್ಬರದ ಅಂಶ ಹೀರುತ್ತವೆ. ಆ ಗಿಡಗಳನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕಿದರೆ ರಂಜಕವೂ ಹೊರಗೆ ಹೋಗುತ್ತದೆ. ಗೊಬ್ಬರ ಮಿತಿಯಲ್ಲಿರುವ ಕೆರೆಯಲ್ಲೇ ವೈರಸ್, ಬೂಷ್ಟು, ಡ್ಯಾಫ್ನಿಯಾಗಳ ಕೆಲಸ ಎದ್ದು ಕಾಣುತ್ತದೆ. ಚರಂಡಿ ತುಂಬಿದ ಕೆರೆಯಲ್ಲಿ ಅವು ಎಷ್ಟು ದುಡಿದರೂ ಪಾಚಿ ಮತ್ತೆ ಏಳುತ್ತದೆ.

ಇವುಗಳನ್ನು ನಾನೇ ನೋಡಬಹುದಾ? ಮಕ್ಕಳಿಗೆ ತೋರಿಸುವ ಆಸೆ ಇದೆ.

ಖಂಡಿತ. ವೈರಸ್ ಕಾಣುವುದಿಲ್ಲ, ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಕಿಟ್ರಿಡ್ ಮಾತ್ರ ಕಾಲೇಜಿನ ಮಾಮೂಲಿ ಸೂಕ್ಷ್ಮದರ್ಶಕದಲ್ಲೂ ಕಾಣಬಹುದು. 400 ಪಟ್ಟು ದೊಡ್ಡದು ಮಾಡಿದರೆ ಸಾಕು.

ಕೈಗೆ ಗ್ಲೌಸ್ ಹಾಕಿಕೊಳ್ಳಿ. ಗಟ್ಟಿ ಕೆನೆ ಇರುವ ಕಡೆ ಬೇಡ, ಸ್ವಲ್ಪ ಪಕ್ಕದಿಂದ ಬಾಟಲಿಯಲ್ಲಿ ನೀರು ತೆಗೆಯಿರಿ. ಅದೇ ದಿನ ನೋಡಿ, ಇಟ್ಟರೆ ಕೆಡುತ್ತದೆ. ಒಂದು ಹನಿ ಗಾಜಿನ ಮೇಲೆ ಹಾಕಿ ಪಾಚಿಯ ದಾರಗಳನ್ನೂ ನಕ್ಷತ್ರಗಳನ್ನೂ ಹುಡುಕಿ. ಹಸಿರು ಕೋಶಗಳ ನಡುವೆ ಬಣ್ಣ ಕಳೆದುಕೊಂಡ ಒಂದು ಕೋಶ, ಅದರ ಹೊರಗೆ ಅಂಟಿಕೊಂಡ ಗುಂಡನೆಯ ಗಾಜಿನ ಮಣಿಯಂಥದ್ದು ಕಂಡರೆ ಅಲ್ಲಿಯೇ ನಿಲ್ಲಿ. ಅದು ಕಿಟ್ರಿಡ್‌ನ ಚೀಲ ಇರಬಹುದು. ಮೊದಲ ಹನಿಯಲ್ಲೇ ಸಿಗುವುದಿಲ್ಲ. ನನಗೆ ಸಿಗಲು ಮೂರು ಭಾನುವಾರ ಬೇಕಾಯಿತು. ಪಾಚಿ ಬಹಳ ಏರಿ, ಇನ್ನೇನು ಇಳಿಯಲು ಶುರುವಾಗುವ ವಾರದಲ್ಲಿ ನೋಡಿದರೆ ಸಿಗುವುದು ಜಾಸ್ತಿ. ಚೀಲದೊಳಗೆ ಏನೋ ಮಿಸುಕುತ್ತಿದ್ದರೆ ಕಣ್ಣು ತೆಗೆಯಬೇಡಿ, ಮಕ್ಕಳನ್ನು ಬೇಗ ಕರೆಯಿರಿ.